ಆಟಕ್ಕುಂಟು ಲೆಕ್ಕಕ್ಕಿಲ್ಲ: ಬ್ಯಾಂಕು ಸಾಲ ‘ರೈಟ್ ಆಫ್’ ಮಾಡಿದರೆ ನಿಜಕ್ಕೂ ಸಾಲ ಹೋಯಿತಾ?

ದಿನಾ ಕಿವಿಗೆ ಬೀಳೋ ಇಂಗ್ಲಿಷ್ ಪದಗಳ ಹಿಂದಿರೋ ದುಡ್ಡಿನ ಲೆಕ್ಕ ಬಿಡಿಸೋ ಪಾಡ್‌ಕಾಸ್ಟ್ ನಮ್ಮದು. ಈ ಕಂತಿನ ಬರಹ ರೂಪ ಇಲ್ಲಿದೆ. ಕೇಳೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಿ.

ಈ ಸಲದ ಪದ ‘ರೈಟ್ ಆಫ್’. ಇದನ್ನ ಆರಿಸಿಕೊಂಡಿದ್ದು ಹಾಸನ ಕಡೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ. ಅವರ ಅಣ್ಣ ಅಂಗಡಿಗೆ ಅಂತ ಮೂರು ಲಕ್ಷ ಬ್ಯಾಂಕ್ ಸಾಲ ಮಾಡಿದ್ದರು. ಕೋವಿಡ್ ಕಾಲದಲ್ಲಿ ಅಂಗಡಿ ಮುಚ್ಚಿತು, ಕಂತು ನಿಂತುಹೋಯಿತು. ಈಚೆಗೆ ಕ್ರೆಡಿಟ್ ರಿಪೋರ್ಟ್ ತೆಗೆಸಿದಾಗ ಆ ಸಾಲದ ಮುಂದೆ ‘ರಿಟನ್ ಆಫ್’ ಅಂತ ಬಂದಿದೆ. ಆಕೆ ಕೇಳಿದ್ದು ಇಷ್ಟು: “ಬ್ಯಾಂಕಿನವರೇ ಬಿಟ್ಟುಬಿಟ್ರು ಅಂತ ಮನೇಲಿ ಎಲ್ರಿಗೂ ಸಮಾಧಾನ. ಆದ್ರೆ ಆ ಸಾಲಕ್ಕೆ ಜಾಮೀನು ಹಾಕಿದ್ದು ನಾನು. ನಂದೂ ಮುಗೀತು ಅಂತ ಅಂದ್ಕೋಬಹುದಾ?”

ಉತ್ತರ ಮೊದಲೇ ಹೇಳಿಬಿಡ್ತೀನಿ: ಇಲ್ಲ. ಅಣ್ಣನದ್ದೂ ಮುಗಿದಿಲ್ಲ, ತಂಗಿಯದ್ದೂ ಮುಗಿದಿಲ್ಲ. ಯಾಕೆ ಅನ್ನೋದಕ್ಕೆ ಕಾನೂನಿಗಿಂತ ಮೊದಲು ಆ ಎರಡು ಇಂಗ್ಲಿಷ್ ಪದಗಳನ್ನ ಅರ್ಥ ಮಾಡ್ಕೋಬೇಕು.

ಎರಡು ಪದ ಸೇರಿ ಮೂರನೇ ಅರ್ಥ

‘ರೈಟ್’ ಅಂದ್ರೆ ಬರೆ. ‘ಆಫ್’ ಅಂದ್ರೆ ಆಚೆಗೆ, ದೂರಕ್ಕೆ. ಎರಡೂ ಸೇರಿದಾಗ ಬರೋ ಅರ್ಥ ಬೇರೆಯದೇ. ಇಂಥ ಜೋಡಿಗೆ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಅಂತಾರೆ. ಇಂಗ್ಲಿಷ್ ಕಲಿಯುವಾಗ ಇದು ನಮಗೆ ತಲೆನೋವು. ಆದರೆ ನಮ್ಮ ಭಾಷೆಯಲ್ಲೂ ಇದಕ್ಕೆ ಹತ್ತಿರದ ಆಟ ಇದೆ, ದಿನಾ ಆಡ್ತೀವಿ, ಗಮನಿಸಿರಲ್ಲ ಅಷ್ಟೇ.

‘ಬರೆ’ ಅನ್ನೋ ಕ್ರಿಯಾಪದವನ್ನೇ ತಗೊಳ್ಳಿ. ಬರೆದಿಡು ಅಂದ್ರೆ ನೆನಪಿಗೆ ಅಂತ ಗುರುತು ಹಾಕು. ಬರೆದುಕೋ ಅಂದ್ರೆ ಯಾರೋ ಹೇಳ್ತಿದ್ದಾರೆ, ನೀನು ಇಳಿಸಿಕೋ. ಬರೆದುಕೊಡು ಅಂದ್ರೆ? “ಅಪ್ಪ ತೋಟಾನ ತಮ್ಮನಿಗೆ ಬರೆದುಕೊಟ್ರು” ಅಂದಾಗ ಅಪ್ಪ ಕಾಗದದ ಮೇಲೆ ಏನೋ ಗೀಚಿ ಕೊಟ್ರು ಅಂತ ಯಾರೂ ತಿಳಿಯಲ್ಲ. ಆಸ್ತಿಯೇ ಕೈಬದಲಾಯಿತು ಅಂತ ಗೊತ್ತಾಗುತ್ತೆ. ಹಿಂದೆ ಅಂಟಿಕೊಂಡ ಸಣ್ಣ ಪದ ಇಡೀ ಕೆಲಸದ ದಿಕ್ಕನ್ನೇ ಬದಲಾಯಿಸುತ್ತೆ. ‘ರೈಟ್ ಆಫ್’ ಕೂಡ ಹಾಗೆಯೇ. ಒಂದು ಮೊತ್ತವನ್ನ ಲೆಕ್ಕದ ಪುಸ್ತಕದಿಂದ ಆಚೆಗೆ ಹೋಗೋ ಹಾಗೆ ಬರೆಯೋದು. ಈ ಪದ ಇಂಗ್ಲಿಷ್ ಲೆಕ್ಕಪತ್ರದ ಬಳಕೆಗೆ ಬಂದಿದ್ದು 17ನೇ ಶತಮಾನದಲ್ಲಿ. ಮನುಷ್ಯರಿಗೆ, ವಾಹನಗಳಿಗೆ ಅನ್ವಯಿಸಿ ಬಳಸೋದು ಎಷ್ಟೋ ಕಾಲದ ನಂತರ ಶುರುವಾಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬರೆಯೋದು ಯಾರು, ಯಾರ ಪುಸ್ತಕದಲ್ಲಿ? ಬರೆಯೋದು ಸಾಲ ಕೊಟ್ಟವನು. ಬರೆಯೋದು ಅವನ ಪುಸ್ತಕದಲ್ಲಿ. ಸಾಲ ತಗೊಂಡವನ ಪಾತ್ರ ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ಇದೊಂದು ನೆನಪಿದ್ರೆ ಉಳಿದದ್ದೆಲ್ಲ ಸುಲಭ.

ಉದ್ರಿ ಪುಸ್ತಕದ ಲೆಕ್ಕ

ಬ್ಯಾಂಕು ದೊಡ್ಡದಾಯ್ತು, ಬೀದಿ ಕೊನೆಯ ಕಿರಾಣಿ ಅಂಗಡಿಗೆ ಬರೋಣ. ಅಂಗಡಿಯವರ ಹತ್ತಿರ ಒಂದು ಉದ್ರಿ ಪುಸ್ತಕ ಇದೆ. ಬಾಡಿಗೆ ಮನೆಯವರೊಬ್ಬರು ಆರು ಸಾವಿರ ಬಾಕಿ ಉಳಿಸಿ ಊರು ಬಿಟ್ಟರು. ಫೋನ್ ಸ್ವಿಚ್ ಆಫ್. ಮಾತಿನಲ್ಲಾದ್ರೆ “ಆರು ಸಾವಿರ ಗೋವಿಂದ” ಅಂತ ಕೈ ಎತ್ತಿಬಿಡ್ತೀವಿ. ಆದರೆ ಮಾರ್ಚ್ 31ಕ್ಕೆ ಲೆಕ್ಕ ಕೂಡಿಸುವಾಗ ಗೋವಿಂದ ಅಂದ್ರೆ ಸಾಲದು. ಆ ಆರು ಸಾವಿರದ ಸಾಮಾನು ಮಾರಾಟ ಆಗಿದೆ ಅಂತ ಈಗಾಗಲೇ ಆದಾಯದಲ್ಲಿ ಸೇರಿಸಿ ಆಗಿದೆ. ಬರೋ ಬಾಕಿ ಅಂತ ಆಸ್ತಿ ಪಟ್ಟಿಯಲ್ಲೂ ಕೂತಿದೆ. ಅದನ್ನ ಹಾಗೇ ಬಿಟ್ಟರೆ ಇಲ್ಲದ ದುಡ್ಡನ್ನ ಇದೆ ಅಂತ ತೋರಿಸಿದ ಹಾಗೆ.

ಅದಕ್ಕೆ ಅಂಗಡಿಯ ಲೆಕ್ಕ ಬರೆಯೋರು ಒಂದು ಎಂಟ್ರಿ ಹಾಕ್ತಾರೆ. ವಸೂಲಾಗದ ಸಾಲದ ಖಾತೆಗೆ ಆರು ಸಾವಿರ ಡೆಬಿಟ್, ಆ ಗಿರಾಕಿಯ ಖಾತೆಗೆ ಆರು ಸಾವಿರ ಕ್ರೆಡಿಟ್. ಅಂದ್ರೆ ಆ ದುಡ್ಡು ಈ ವರ್ಷದ ನಷ್ಟ ಅಂತ ಒಪ್ಪಿಕೊಂಡು, ಬರಬೇಕಾದವರ ಪಟ್ಟಿಯಿಂದ ಆ ಹೆಸರನ್ನ ತೆಗೆದರು. ಬಿ.ಕಾಂ. ಓದಿದವರಿಗೆ ಇದು ಮೊದಲ ವರ್ಷದ ಪಾಠ. ಇದೇ ರೈಟ್ ಆಫ್.

ಈಗ ಹೇಳಿ, ಮುಂದಿನ ವರ್ಷ ಜಾತ್ರೆಯಲ್ಲಿ ಆ ಗಿರಾಕಿ ಎದುರಿಗೆ ಸಿಕ್ಕರೆ ಅಂಗಡಿಯವರು ಸುಮ್ಮನೆ ಬಿಡ್ತಾರಾ? ಕೈ ಹಿಡಿದು ನಿಲ್ಲಿಸಿ ಕೇಳ್ತಾರೆ. ಎರಡು ಸಾವಿರ ಸಿಕ್ಕರೂ ಅದನ್ನ ಆ ವರ್ಷದ ಆದಾಯ ಅಂತ ಬರೆದುಕೊಳ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯೂ ಹೀಗೇ ನೋಡಿತು. ರೈಟ್ ಆಫ್ ಮಾಡಿದ ಬಾಕಿಗೆ ಕಡಿತ ಕೊಡ್ತು, ಆಮೇಲೆ ವಸೂಲಾದರೆ ಅದರ ಮೇಲೆ ತೆರಿಗೆ ಹಾಕ್ತು. ಸಾಲ ಅಲ್ಲಿಗೇ ಸತ್ತುಹೋಗಿದ್ದರೆ ‘ಆಮೇಲೆ ವಸೂಲಾದರೆ’ ಅನ್ನೋ ಮಾತೇ ಕಾಯ್ದೆಯಲ್ಲಿ ಬರ್ತಿರಲಿಲ್ಲ.

2010ರಲ್ಲಿ ಟಿ.ಆರ್.ಎಫ್. ಲಿಮಿಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ವಿಷಯ ಸ್ಪಷ್ಟ ಮಾಡಿತು. 1989ರ ಏಪ್ರಿಲ್ 1ರ ನಂತರದ ಕಾನೂನಿನ ಪ್ರಕಾರ, ಬಾಕಿ ನಿಜವಾಗಿಯೂ ವಸೂಲಾಗಲ್ಲ ಅಂತ ಸಾಬೀತು ಮಾಡಬೇಕಾಗಿಲ್ಲ. ವ್ಯಾಪಾರಿ ತನ್ನ ಪುಸ್ತಕದಲ್ಲಿ ಹಾಗೆ ಬರೆದರೆ ಸಾಕು. ಅಂದ್ರೆ ರೈಟ್ ಆಫ್ ಅನ್ನೋದು ಕೊಟ್ಟವನು ತನ್ನ ಲೆಕ್ಕಕ್ಕೆ ತಾನೇ ಮಾಡಿಕೊಳ್ಳೋ ಕೆಲಸ. ತಗೊಂಡವನನ್ನ ಕೇಳಬೇಕಾಗಿಲ್ಲ, ಅವನಿಗೆ ಹೇಳಬೇಕಾಗಿಯೂ ಇಲ್ಲ.

ಬ್ಯಾಂಕು ಮಾಡೋದೂ ಇದನ್ನೇ

ಕಂತು ಕಟ್ಟೋದು 90 ದಿನಕ್ಕಿಂತ ಹೆಚ್ಚು ತಡವಾದರೆ ಆ ಸಾಲ ಎನ್‌ಪಿಎ ಆಗುತ್ತೆ, ಅಂದ್ರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತೆ. ಬೆಳೆ ಸಾಲಕ್ಕೆ ಮಾತ್ರ ದಿನದ ಲೆಕ್ಕ ಬಿಟ್ಟು ಹಂಗಾಮಿನ ಲೆಕ್ಕ. ಎನ್‌ಪಿಎ ಆದ ಕೂಡಲೇ ಬ್ಯಾಂಕು ತನ್ನ ಲಾಭದಿಂದ ಒಂದು ಪಾಲು ಎತ್ತಿಡಬೇಕು. ಇದಕ್ಕೆ ಪ್ರಾವಿಷನ್ ಅಂತಾರೆ. ಇದುವರೆಗಿನ ನಿಯಮದಲ್ಲಿ, ಅಡಮಾನ ಇರೋ ಸಾಲಕ್ಕೆ ಮೊದಲ ವರ್ಷ ಶೇ 15. ಮುಂದಿನ ವರ್ಷ ಶೇ 25, ನಂತರದ ಎರಡು ವರ್ಷ ಶೇ 40. ಅದೂ ದಾಟಿದರೆ ಪೂರ್ತಿ ನೂರು. ಸುಮಾರು ನಾಲ್ಕು ವರ್ಷದಲ್ಲಿ ಅಷ್ಟೂ ದುಡ್ಡನ್ನ ಬ್ಯಾಂಕು ತನ್ನ ಜೇಬಿನಿಂದ ಎತ್ತಿಟ್ಟು ಆಗಿರುತ್ತೆ. ಅಡಮಾನ ಇಲ್ಲದ ಸಾಲಕ್ಕೆ ಇನ್ನೂ ಬೇಗ.

ಈಗ ಪುಸ್ತಕದ ಒಂದು ಕಡೆ ಮೂರು ಲಕ್ಷ ಸಾಲ ಅಂತಿದೆ. ಅದಕ್ಕೆ ಎದುರಾಗಿ ಮೂರು ಲಕ್ಷ ಪ್ರಾವಿಷನ್ ಅಂತಿದೆ. ಕೂಡಿ ಕಳೆದರೆ ಸೊನ್ನೆ. ಬರೀ ಪುಸ್ತಕ ದಪ್ಪ ಕಾಣಿಸೋಕೆ ಎರಡನ್ನೂ ಯಾಕೆ ಇಟ್ಟುಕೊಳ್ಳೋದು ಅಂತ ಎರಡನ್ನೂ ಒಟ್ಟಿಗೆ ಹೊಡೆದುಹಾಕ್ತಾರೆ. ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಚೊಕ್ಕ ಆಗುತ್ತೆ, ಎನ್‌ಪಿಎ ಪ್ರಮಾಣ ಕಡಿಮೆ ಕಾಣುತ್ತೆ, ತೆರಿಗೆ ಲೆಕ್ಕಕ್ಕೂ ಅನುಕೂಲ.

ಆದರೆ ಸಾಲಗಾರನ ಖಾತೆಯಲ್ಲಿ ಬಾಕಿ ಬಾಕಿಯಾಗಿಯೇ ಇರುತ್ತೆ. 2023ರ ಜೂನ್ 8ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ‘ಟೆಕ್ನಿಕಲ್ ರೈಟ್ ಆಫ್’ ಅನ್ನೋ ಹೆಸರು ಕೊಟ್ಟು ಅರ್ಥವನ್ನೂ ಬಿಡಿಸಿ ಹೇಳಿದೆ. ಅದರ ತಾತ್ಪರ್ಯ ಹೀಗೆ: ಸಾಲಗಾರನ ಖಾತೆ ಮಟ್ಟದಲ್ಲಿ ಸಾಲ ಹಾಗೇ ಉಳಿದಿರುತ್ತೆ, ಲೆಕ್ಕಪತ್ರದ ಉದ್ದೇಶಕ್ಕೆ ಮಾತ್ರ ಅದನ್ನ ತೆಗೆಯಲಾಗುತ್ತೆ, ಸಾಲಗಾರನ ಮೇಲಿನ ಯಾವ ಹಕ್ಕನ್ನೂ ಬ್ಯಾಂಕು ಬಿಟ್ಟುಕೊಡಲ್ಲ, ವಸೂಲಿಗೂ ಇದರಿಂದ ಅಡ್ಡಿ ಇಲ್ಲ.

ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಮಾತು ಇದೆ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಸಣ್ಣ ಮಕ್ಕಳನ್ನ ಆಟಕ್ಕೆ ಸೇರಿಸಿಕೊಂಡು ಹೀಗೆ ಹೇಳ್ತಿದ್ವಲ್ಲ, ಹಾಗೆ. ಬ್ಯಾಂಕಿನ ಲೆಕ್ಕದಲ್ಲಿ ಆ ಸಾಲ ಇಲ್ಲ. ವಸೂಲಿಯ ಆಟದಲ್ಲಿ ಖಂಡಿತಾ ಇದೆ.

‘ವೇವ್’ಗೆ ‘ಆಫ್’ ಅಂಟಿದ್ದು ಹೇಗೆ?

ಹಾಗಾದ್ರೆ ಸಾಲ ನಿಜವಾಗಿ ಹೋಗೋದು ಯಾವಾಗ? ಅದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಪದ ಇದೆ, ‘ವೇವ್’. ತನಗಿರೋ ಹಕ್ಕನ್ನ ತಾನೇ ಬಿಟ್ಟುಕೊಡೋದು ಅಂತ ಅರ್ಥ. ಅದರಿಂದ ಬಂದ ನಾಮಪದ ‘ವೇವರ್’. ನಮ್ಮ ‘ಸಾಲ ಮನ್ನಾ’ ಅಂದ್ರೆ ಇದು.

ಗೊಂದಲ ಆಗೋದು ಇಲ್ಲೇ. ಇಂಗ್ಲಿಷಿನ ಶಿಷ್ಟ ಬಳಕೆಯಲ್ಲಿ ‘ವೇವ್’ಗೆ ‘ಆಫ್’ ಬೇಕಾಗಿಲ್ಲ, ಆ ಪದವೊಂದೇ ಸಾಕು. ಆದರೆ ಭಾರತದ ಇಂಗ್ಲಿಷಿನಲ್ಲಿ, ಪತ್ರಿಕೆ, ಟಿ.ವಿ., ಆಫೀಸು ಎಲ್ಲ ಕಡೆ ‘ವೇವ್ ಆಫ್’ ಅಂತಲೇ ಬಳಸ್ತೀವಿ. ಕೈ ಬೀಸೋದಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ‘ವೇವ್’ ಇದೆ. ಸ್ಪೆಲಿಂಗ್ ಬೇರೆ, ಉಚ್ಚಾರ ಒಂದೇ. ಕನ್ನಡ ಲಿಪಿಯಲ್ಲಂತೂ ಎರಡೂ ಒಂದೇ ಥರ ಕಾಣುತ್ತೆ. ಬೇಡ ಅಂತ ಕೈ ಬೀಸಿ ತಳ್ಳಿಹಾಕೋದಕ್ಕೆ ‘ವೇವ್ ಆಫ್’ ಅನ್ನೋದುಂಟು. ಅದರ ‘ಆಫ್’, ‘ರೈಟ್ ಆಫ್’ನ ‘ಆಫ್’, ಎಲ್ಲ ಸೇರಿ ಸಾಲ ಮನ್ನಾಕ್ಕೂ ಒಂದು ‘ಆಫ್’ ಅಂಟಿಕೊಂಡಿತು. ಈಗ ಒಂದೇ ಸುದ್ದಿಯಲ್ಲಿ ‘ವೇವ್ ಆಫ್’, ‘ರೈಟ್ ಆಫ್’ ಎರಡೂ ಅಕ್ಕಪಕ್ಕ ಬಂದರೆ ಕೇಳೋರಿಗೆ ಒಂದೇ ಅನ್ನಿಸದೆ ಇರುತ್ತಾ? ಕನ್ನಡಕ್ಕೆ ಬರುವಾಗ ಎರಡೂ ‘ಸಾಲ ಮನ್ನಾ’ ಆಗಿಬಿಡುತ್ತೆ.

ವ್ಯತ್ಯಾಸ ತಿಳಿಯೋಕೆ ಒಂದು ಸುಲಭದ ಪರೀಕ್ಷೆ: ದುಡ್ಡು ಕಟ್ಟೋರು ಯಾರು ಅಂತ ಕೇಳಿ. 2008ರಲ್ಲಿ ಕೇಂದ್ರ ಸರ್ಕಾರ ಕೃಷಿ ಸಾಲ ಮನ್ನಾ ಯೋಜನೆ ತಂದಾಗ, ಸಣ್ಣ ಮತ್ತು ಅತಿ ಸಣ್ಣ ರೈತರ ಅರ್ಹ ಬಾಕಿ ಪೂರ್ತಿ ಮನ್ನಾ. ಉಳಿದ ರೈತರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲು ಮಾಫಿ. ಬಿಟ್ಟ ದುಡ್ಡನ್ನ ಬ್ಯಾಂಕುಗಳಿಗೆ ತುಂಬಿಕೊಟ್ಟಿದ್ದು ಸರ್ಕಾರ. ನಮ್ಮ ರಾಜ್ಯದಲ್ಲಿ 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಸಂಘಗಳಲ್ಲಿನ ಬೆಳೆ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತು. 2018ರ ಜುಲೈ ಬಜೆಟ್‌ನಲ್ಲಿ ಕುಮಾರಸ್ವಾಮಿ 2 ಲಕ್ಷದವರೆಗಿನ ಬೆಳೆ ಸಾಲ ಮನ್ನಾ ಘೋಷಿಸಿದರು. ಇವೆಲ್ಲ ನಿಜವಾದ ಮನ್ನಾ. ಸರ್ಕಾರದ ಆದೇಶ ಇರುತ್ತೆ, ಷರತ್ತು ಇರುತ್ತೆ, ಫಲಾನುಭವಿಗಳ ಪಟ್ಟಿ ಇರುತ್ತೆ. ಷರತ್ತಿಗೆ ಒಳಪಟ್ಟ ರೈತ ಆ ಮೊತ್ತದ ಮಟ್ಟಿಗೆ ಋಣಮುಕ್ತ.

ರೈಟ್ ಆಫ್‌ನಲ್ಲಿ ಇದ್ಯಾವುದೂ ಇಲ್ಲ. ಆದೇಶ ಇಲ್ಲ, ಪಟ್ಟಿ ಇಲ್ಲ, ಸಾಲಗಾರನ ಪರವಾಗಿ ಯಾರೂ ಕಟ್ಟಿಲ್ಲ.

ದೊಡ್ಡವರ ಸಾಲದ ಮಾತು

ಇಷ್ಟು ಹೇಳಿದ ಮೇಲೆ ನೀವು ಕೇಳೇ ಕೇಳ್ತೀರಿ: ಹಾಗಾದ್ರೆ ಉದ್ಯಮಿಗಳ ಲಕ್ಷ ಕೋಟಿ ಸಾಲ ಮನ್ನಾ ಆಯ್ತು ಅಂತಾರಲ್ಲ, ಅದು?

2020ರ ಏಪ್ರಿಲ್‌ನಲ್ಲಿ ಈ ಜಗಳ ಜೋರಾಗಿ ನಡೀತು. 50 ಮಂದಿ ದೊಡ್ಡ ಸುಸ್ತಿದಾರರ ಸುಮಾರು 68,607 ಕೋಟಿ ರೂಪಾಯಿ ಬಾಕಿಯ ಮಾಹಿತಿ ಆರ್‌ಟಿಐ ಮೂಲಕ ಹೊರಬಂತು. ಸಾಲ ಮನ್ನಾ ಮಾಡಿದ್ದಾರೆ ಅಂತ ವಿರೋಧ ಪಕ್ಷದವರು. ರೈಟ್ ಆಫ್ ಅಂದ್ರೆ ಮನ್ನಾ ಅಲ್ಲ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಪದದ ಅರ್ಥದ ಮಟ್ಟಿಗೆ ಸಚಿವೆಯ ಮಾತು ಸರಿ. ಆದರೆ ಚರ್ಚೆ ಅರ್ಥಕ್ಕೇ ನಿಲ್ಲಬಾರದು, ವಸೂಲಿಯ ಅಂಕಿ ನೋಡಬೇಕು.

2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಅದಕ್ಕೆ ಹಿಂದಿನ ಐದು ಹಣಕಾಸು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು ಸುಮಾರು 10.09 ಲಕ್ಷ ಕೋಟಿ. ಅದೇ ಐದು ವರ್ಷದಲ್ಲಿ ರೈಟ್ ಆಫ್ ಆದ ಖಾತೆಗಳಿಂದ ವಾಪಸ್ ಬಂದಿದ್ದು ಸುಮಾರು 1.32 ಲಕ್ಷ ಕೋಟಿ. ಇದರಲ್ಲಿ ಹಳೆಯ ವರ್ಷಗಳಲ್ಲಿ ರೈಟ್ ಆಫ್ ಆದ ಸಾಲದ ವಸೂಲಿಯೂ ಸೇರಿರಬಹುದು, ಹಾಗಾಗಿ ನೇರ ಹೋಲಿಕೆ ಕಷ್ಟ. ಆದರೂ ಅಂದಾಜಿಗೆ ನೂರು ರೂಪಾಯಿಗೆ 13. 2014-15ರಿಂದ 2023-24ರವರೆಗಿನ ಹತ್ತು ವರ್ಷಕ್ಕೆ ರೈಟ್ ಆಫ್ ಮೊತ್ತ ಸುಮಾರು 16.35 ಲಕ್ಷ ಕೋಟಿ ಅಂತ 2025ರಲ್ಲಿ ಸಂಸತ್ತಿಗೆ ತಿಳಿಸಲಾಯಿತು.

ಅಂದ್ರೆ ಎರಡೂ ಮಾತು ನಿಜ. ಕಾಗದದ ಮೇಲೆ ಹಕ್ಕು ಉಳಿದಿದೆ, ಕೈಗೆ ಬರೋದು ಕಡಿಮೆ. ದೊಡ್ಡ ಕಂಪನಿ ಮುಳುಗಿದಾಗ ಆಸ್ತಿ ಮಾರಿದರೂ ಸಾಲದಷ್ಟು ದುಡ್ಡು ಹುಟ್ಟಲ್ಲ, ವ್ಯಾಜ್ಯ ವರ್ಷಗಟ್ಟಲೆ ಎಳೀತದೆ. ಆದರೆ ಈ ಸರಾಸರಿ ನೋಡಿ ಮೂರು ಲಕ್ಷ ಸಾಲ ಮಾಡಿದವರು ಧೈರ್ಯ ತಗೊಳ್ಳಬಾರದು. ಸಂಬಳದ ಖಾತೆ, ಪ್ಯಾನ್ ನಂಬರು, ಒಂದು ಮನೆ, ಒಬ್ಬರು ಜಾಮೀನುದಾರರು ಇರೋ ಮನುಷ್ಯನನ್ನ ಹುಡುಕೋದು ಕಷ್ಟದ ಕೆಲಸ ಅಲ್ಲ.

ಜಾಮೀನು ಹಾಕಿದವರ ಗತಿ

ಈಗ ಹಾಸನದ ಕೇಳುಗರ ಪ್ರಶ್ನೆಗೆ ಬರ್ತೀನಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅಣ್ಣನಿಂದ ವಸೂಲಿ ಮಾಡಿ, ಆಗದಿದ್ದರೆ ಮಾತ್ರ ನನ್ನ ಹತ್ತಿರ ಬನ್ನಿ ಅನ್ನೋಕೆ ಆಗಲ್ಲ. 1968ರಲ್ಲೇ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ಮೂಲ ಸಾಲ ಬದುಕಿರೋವರೆಗೆ ಜಾಮೀನೂ ಬದುಕಿರುತ್ತೆ. ರೈಟ್ ಆಫ್‌ನಿಂದ ಸಾಲ ಸಾಯಲ್ಲ ಅಂತ ಆಗಲೇ ನೋಡಿದ್ವಿ. ಆದ್ದರಿಂದ ಜಾಮೀನೂ ಸಾಯಲ್ಲ.

ಒಂದು ಸಮಾಧಾನ ಇದೆ. ಜಾಮೀನುದಾರರು ದುಡ್ಡು ಕಟ್ಟಿದರೆ, ಸಾಲಗಾರನ ಮೇಲೆ ಬ್ಯಾಂಕಿಗಿದ್ದ ಹಕ್ಕುಗಳೆಲ್ಲ ಅವರಿಗೆ ಬರುತ್ತೆ. ಕಟ್ಟಿದ್ದನ್ನ ಸಾಲಗಾರನಿಂದ ಕೇಳಿ ಪಡೆಯಬಹುದು. ಸ್ವಂತ ಅಣ್ಣನ ಮೇಲೆ ಯಾರು ಕೇಸು ಹಾಕ್ತಾರೆ ಅನ್ನೋದು ಬೇರೆ ಮಾತು. ಜೊತೆಗೆ, ಕೋರ್ಟಿಗೆ ಹೋಗೋಕೆ ಬ್ಯಾಂಕಿಗೂ ಕಾಲಮಿತಿ ಕಾಯ್ದೆಯ ಗಡುವು ಇದೆ. ಆದರೆ ರೈಟ್ ಆಫ್ ಮಾಡಿದ ದಿನಕ್ಕೂ ಆ ಗಡುವಿಗೂ ಸಂಬಂಧ ಇಲ್ಲ. ನಿಮ್ಮ ಕಾಗದಗಳಲ್ಲಿ ಗಡುವು ಎಲ್ಲಿಂದ ಶುರು, ನಡುವೆ ಏನಾದರೂ ಬರೆದುಕೊಟ್ಟಿದ್ದೀರಾ ಅನ್ನೋದನ್ನ ವಕೀಲರ ಹತ್ತಿರ ತೋರಿಸಿಯೇ ತಿಳಿಯಬೇಕು.

ಕ್ರೆಡಿಟ್ ರಿಪೋರ್ಟ್ ವಿಷಯ ಇನ್ನೂ ಹತ್ತಿರದ್ದು. ಕಾನೂನಿನ ಪ್ರಕಾರ ಕ್ರೆಡಿಟ್ ಮಾಹಿತಿಯನ್ನ ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು. ನಾಳೆ ಅಣ್ಣನೋ ತಂಗಿಯೋ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನ ಆಫೀಸರ್ ಮೊದಲು ನೋಡೋದು ಆ ‘ರಿಟನ್ ಆಫ್’ ಅನ್ನೋ ಎರಡು ಪದಗಳನ್ನ. ನಿಮಗೆ ಅದು ‘ಬಿಟ್ಟುಬಿಟ್ರು’ ಅಂತ ಕಾಣುತ್ತೆ. ಅವರಿಗೆ ‘ಕಟ್ಟಲಿಲ್ಲ’ ಅಂತ ಕಾಣುತ್ತೆ.

ಏನು ಮಾಡಬೇಕು?

ಮೊದಲು ರಿಪೋರ್ಟ್ ತೆಗೀರಿ. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿ ಇವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತ. ಸಾಲಗಾರರೂ ನೋಡಿ, ಜಾಮೀನು ಹಾಕಿದವರೂ ನೋಡಿ.

ಆಮೇಲೆ ಬ್ಯಾಂಕಿಗೆ ಹೋಗಿ ಬಾಕಿ ಎಷ್ಟು ಅಂತ ಲಿಖಿತವಾಗಿ ಕೇಳಿ. ಸಾಲವನ್ನ ಬೇರೆ ಕಂಪನಿಗೆ ಮಾರಿದ್ದಾರಾ ಅಂತಲೂ ಕೇಳಿ. ಕಟ್ಟೋದಾದ್ರೆ ಎರಡು ದಾರಿ. ಪೂರ್ತಿ ಕಟ್ಟಿದರೆ ಬೇಬಾಕಿ ಪತ್ರ ತಗೊಂಡು, ರಿಪೋರ್ಟ್‌ನಲ್ಲೂ ಆ ಬದಲಾವಣೆ ಆಗೋ ತನಕ ಬೆನ್ನು ಬಿಡಬೇಡಿ. ಪೂರ್ತಿ ಆಗದಿದ್ದರೆ ಒನ್ ಟೈಮ್ ಸೆಟಲ್‌ಮೆಂಟ್ ಕೇಳಬಹುದು. ಇದರಲ್ಲಿ ಬ್ಯಾಂಕು ಒಂದು ಭಾಗವನ್ನ ನಿಜವಾಗಿಯೇ ಬಿಟ್ಟುಕೊಡುತ್ತೆ, ಅಂದ್ರೆ ಇಲ್ಲಿ ವೇವರ್ ಇದೆ. ಆದರೆ ರಿಪೋರ್ಟ್‌ನಲ್ಲಿ ‘ಸೆಟಲ್ಡ್’ ಅಂತ ಬರುತ್ತೆ. ಅದು ‘ಕ್ಲೋಸ್ಡ್’ಗೆ ಸಮ ಅಲ್ಲ, ಪೂರ್ತಿ ಕಟ್ಟಲಿಲ್ಲ ಅನ್ನೋ ಗುರುತು ಅದು. ಯಾವ ದಾರಿ ಆದರೂ ಸರಿ, ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆ, ಸಾಲದ ಖಾತೆಗೇ ದುಡ್ಡು ಹಾಕಿ. ಏಜೆಂಟರ ಫೋನ್‌ಪೇ ನಂಬರಿಗೆ ಹಾಕಬೇಡಿ. ಜಾಮೀನುದಾರರನ್ನೂ ಬಿಡುಗಡೆ ಮಾಡಿದ್ದೇವೆ ಅನ್ನೋ ಸಾಲು ಆ ಪತ್ರದಲ್ಲಿ ಇದೆಯಾ ನೋಡಿ.

ಕಟ್ಟಿದ ಮೇಲೂ ರಿಪೋರ್ಟ್ ಸರಿಯಾಗದಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ ಅನ್ನೋದೂ ಅದೇ ರಿಸರ್ವ್ ಬ್ಯಾಂಕಿನ ಸೂಚನೆ. ಸಾಲ ಇದೆ ಅಂದ ಮಾತ್ರಕ್ಕೆ ಮರ್ಯಾದೆ ಬಿಟ್ಟು ಮಾತಾಡಿಸಿಕೊಳ್ಳಬೇಕಾಗಿಲ್ಲ.

ಇನ್ನೊಂದು ಎಚ್ಚರ. ನಿಮ್ಮ ಸಾಲ ಮನ್ನಾ ಮಾಡಿಸಿಕೊಡ್ತೀವಿ, ಸರ್ಟಿಫಿಕೇಟ್ ಕೊಡ್ತೀವಿ, ಸರ್ವಿಸ್ ಚಾರ್ಜ್ ಕಟ್ಟಿ ಅಂತ ಜಾಹೀರಾತು ಬರುತ್ತೆ. ಇಂಥವರಿಗೆ ಯಾವ ಅಧಿಕಾರವೂ ಇಲ್ಲ ಅಂತ 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿದೆ. ‘ರಿಟನ್ ಆಫ್’ ಅಂದ್ರೆ ಮನ್ನಾ ಅಂತ ನಂಬಿದವರೇ ಇವರ ಗಿರಾಕಿಗಳು. ಅರ್ಧ ಮನ್ನಾ ಆಗಿದೆ, ಇನ್ನರ್ಧ ನಾವು ಮಾಡಿಸ್ತೀವಿ ಅಂದ್ರೆ ಅವರು ನಂಬದೆ ಇರ್ತಾರಾ?

ಕಾರು, ತೆರಿಗೆ, ಕ್ರಿಕೆಟ್

ಪದ ಹಿಡಿದ ಮೇಲೆ ಉಳಿದ ಬಳಕೆಗಳನ್ನೂ ನೋಡಿಬಿಡೋಣ. ಎಲ್ಲ ಕಡೆಯೂ ಅದೇ ಪ್ರಶ್ನೆ ಕೇಳಿ: ಯಾರ ಪುಸ್ತಕ?

ಬ್ರಿಟಿಷ್ ಇಂಗ್ಲಿಷಿನಲ್ಲಿ ಅಪಘಾತದಲ್ಲಿ ಜಜ್ಜಿಹೋದ ಕಾರಿಗೆ ‘ರೈಟ್ ಆಫ್’ ಅಂತಾರೆ. ನಮ್ಮಲ್ಲಿ ಇನ್ಶೂರೆನ್ಸ್‌ನವರು ‘ಟೋಟಲ್ ಲಾಸ್’ ಅನ್ನೋದು ಇದಕ್ಕೇ. ರಿಪೇರಿ ಖರ್ಚು ಕಾರಿನ ಐಡಿವಿಯ, ಅಂದ್ರೆ ಪಾಲಿಸಿಯಲ್ಲಿ ಬರೆದ ಬೆಲೆಯ, ಶೇ 75 ದಾಟಿದರೆ ಕಾರು ಮುಗಿದ ಹಾಗೆ. 4 ಲಕ್ಷದ ಕಾರಿಗೆ 3 ಲಕ್ಷಕ್ಕಿಂತ ಹೆಚ್ಚು ರಿಪೇರಿ ಅಂತಾದರೆ ರಿಪೇರಿ ಮಾಡಿಸಲ್ಲ. ಆದರೆ ನೋಡಿ, ರೈಟ್ ಆಫ್ ಆಗಿದ್ದು ಕಾರು. ಕಾರಿನ ಸಾಲ ಅಲ್ಲ. ವಿಮೆಯ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತೆ. ಸಾಲ ಇನ್ನೂ ಉಳಿದಿದ್ದರೆ, ಕಾರಿಲ್ಲದಿದ್ದರೂ ಕಂತು ಕಟ್ಟಬೇಕು.

‘ಟ್ಯಾಕ್ಸ್ ರೈಟ್ ಆಫ್’ ಅಂತ ರೀಲ್ಸ್‌ನಲ್ಲಿ ಕೇಳಿರ್ತೀರಿ. ಬಿಸಿನೆಸ್‌ಗೆ ಖರ್ಚು ಮಾಡಿದ್ದೆಲ್ಲ ಫ್ರೀ ಅನ್ನೋ ಹಾಗೆ ಮಾತಾಡ್ತಾರೆ. ಫ್ರೀ ಅಲ್ಲ. ನಾನು ರೆಕಾರ್ಡಿಂಗ್ ಸ್ಟುಡಿಯೋಗೆ 10,000 ಬಾಡಿಗೆ ಕೊಟ್ಟೆ, ನನ್ನ ತೆರಿಗೆ ದರ ಶೇ 20 ಅಂತಿಟ್ಟುಕೊಳ್ಳಿ. ಖರ್ಚು ತೋರಿಸಿದ್ದಕ್ಕೆ ತೆರಿಗೆಯಲ್ಲಿ ಉಳಿಯೋದು 2,000. ಇನ್ನು 8,000 ನನ್ನ ಜೇಬಿನಿಂದಲೇ ಹೋಯಿತು.

ಮನುಷ್ಯರಿಗೆ ಬಳಸಿದಾಗ ‘ರೈಟ್ ಆಫ್’ ಅಂದ್ರೆ ಇವನಿಂದ ಏನೂ ಆಗಲ್ಲ ಅಂತ ತೀರ್ಮಾನಿಸೋದು. ನಾವು “ಅವನು ಲೆಕ್ಕಕ್ಕೇ ಇಲ್ಲ ಬಿಡು” ಅಂತೀವಲ್ಲ, ಥೇಟ್ ಅದೇ. ಎರಡು ಭಾಷೆಯೂ ಲೆಕ್ಕದ ಪುಸ್ತಕವನ್ನೇ ಹಿಡಿದಿವೆ.

ಬಳಸುವಾಗ ಒಂದು ವ್ಯಾಕರಣದ ನಿಯಮ. ‘ರೈಟ್ ಆಫ್ ದ ಲೋನ್’ ಸರಿ, ‘ರೈಟ್ ದ ಲೋನ್ ಆಫ್’ ಕೂಡ ಸರಿ. ಆದರೆ ‘ಇಟ್’, ‘ಹಿಮ್’, ‘ದೆಮ್’ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ರೈಟ್ ಇಟ್ ಆಫ್’. ‘ರೈಟ್ ಆಫ್ ಇಟ್’ ತಪ್ಪು. ಇದರ ಬಂಧುಗಳೂ ಇವೆ. ಬೆಲೆಯನ್ನ ಪೂರ್ತಿ ತೆಗೆಯದೆ ಒಂದಿಷ್ಟು ಇಳಿಸಿದರೆ ‘ರೈಟ್ ಡೌನ್’. ಎತ್ತಿಟ್ಟ ದುಡ್ಡು ಬೇಕಾಗಲಿಲ್ಲ ಅಂತ ಲಾಭಕ್ಕೆ ವಾಪಸ್ ಸೇರಿಸಿದರೆ ‘ರೈಟ್ ಬ್ಯಾಕ್’. ಷೇರು ಇರೋರು ಬ್ಯಾಂಕಿನ ತ್ರೈಮಾಸಿಕ ಫಲಿತಾಂಶ ಓದುವಾಗ ಈ ಮೂರನ್ನೂ ಹುಡುಕಿ.

1983ರ ವಿಶ್ವಕಪ್‌ಗೆ ಹೋಗುವಾಗ ಭಾರತ ತಂಡ ಬಹಳ ಜನರ ಪುಸ್ತಕದಲ್ಲಿ ರೈಟ್ ಆಫ್ ಆಗಿತ್ತು. ಕಪ್ ಗೆದ್ದು ಬಂತು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದಿದ್ದು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಯಾರೋ ತಮ್ಮ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಮೈದಾನದಲ್ಲಿ ಆಟ ನಿಲ್ಲಲ್ಲ. ಕ್ರಿಕೆಟ್‌ನಲ್ಲಿ ಅದು ಖುಷಿಯ ಸುದ್ದಿ, ಸಾಲದಲ್ಲಿ ಅಲ್ಲ.

ನಿಮ್ಮ ಮನೆಯವರ ರಿಪೋರ್ಟ್‌ನಲ್ಲಿ ಈ ಎರಡು ಪದ ಕಂಡರೆ ಈ ಕಂತನ್ನ ಅವರಿಗೂ ಕಳಿಸಿ. ಅರ್ಥವಾಗದ ಇನ್ನೊಂದು ಬ್ಯಾಂಕ್ ಪದ ಇದ್ದರೆ ವಾಯ್ಸ್ ಮೆಸೇಜ್ ಹಾಕಿ, ಮುಂದಿನ ಕಂತಿನಲ್ಲಿ ಬಿಡಿಸೋಣ.